ನಿರೋಧಕ ತಳಿ ಹಾಕಿದರೂ ಟೊಮೆಟೊ ಬೇರಿಗೆ ಗಂಟು ಬಂತಲ್ಲ, ಏಕೆ?

ಓದುಗರ ಪ್ರಶ್ನೆ: ನಮ್ಮದು ಚಿಂತಾಮಣಿ ಕಡೆ, ಎರಡು ಎಕರೆ ಕೆಂಪು ಮಣ್ಣು. ಹೋದ ವರ್ಷ ಟೊಮೆಟೊ ಬೇರಿನಲ್ಲಿ ಗಂಟು ಬಂದು ಬೆಳೆ ಕೈಕೊಟ್ಟಿತು. ಅದಕ್ಕೇ ಈ ಸಲ ಪ್ಯಾಕೆಟ್ ಮೇಲೆ ‘ಜಂತುಹುಳು ನಿರೋಧಕ’ ಅಂತ ಇದ್ದ ಹೈಬ್ರಿಡ್ ತಂದೆ. ಮಾರ್ಚ್ ಮೊದಲ ವಾರ ಕಪ್ಪು ಮಲ್ಚಿಂಗ್ ಶೀಟ್ ಹಾಕಿ ನಾಟಿ ಮಾಡಿದೆ. ಮೇ ತಿಂಗಳಲ್ಲಿ ಗಿಡ ಕಿತ್ತು ನೋಡಿದರೆ ಮತ್ತೆ ಗಂಟು. ಇದೇ ಬೀಜವನ್ನು ನವೆಂಬರಿನಲ್ಲಿ ಹಾಕಿದ್ದ ನಮ್ಮ ಭಾವನ ಹೊಲದಲ್ಲಿ ಬೇರು ಸ್ವಚ್ಛವಾಗಿತ್ತು. ನನಗೆ ಬಂದಿದ್ದು ನಕಲಿ ಬೀಜವಾ? ನಿರೋಧಕ ಅಂದರೆ ಗಿಡ ಒಳಗೆ ನಿಜಕ್ಕೂ ಏನು ಮಾಡುತ್ತದೆ? ಆಸ್ಪಿರಿನ್ ಮಾತ್ರೆ ಕರಗಿಸಿ ಹೊಡೆದರೆ ಗಿಡಕ್ಕೆ ಶಕ್ತಿ ಬರುತ್ತೆ ಅಂತ ಒಬ್ಬರು ಹೇಳಿದರು, ಮಾಡಬಹುದಾ?

ಉತ್ತರ: ಬೀಜದ ಅಂಗಡಿಯವರ ಹತ್ತಿರ ಜಗಳಕ್ಕೆ ಹೋಗುವ ಮೊದಲು ಒಂದು ಸಲ ಕ್ಯಾಲೆಂಡರ್ ನೋಡಿ. ನೀವು ನಾಟಿ ಮಾಡಿದ್ದು ಮಾರ್ಚಿನಲ್ಲಿ, ನಿಮ್ಮ ಭಾವ ಮಾಡಿದ್ದು ನವೆಂಬರಿನಲ್ಲಿ. ಬೀಜ ಒಂದೇ, ಸೀಮೆ ಒಂದೇ. ಬದಲಾಗಿದ್ದು ಮಣ್ಣಿನ ಬಿಸಿ. ನನ್ನ ಅನುಮಾನವೆಲ್ಲ ಅದರ ಮೇಲೇ ಇದೆ. ಈಗ ಮಾರುಕಟ್ಟೆಯಲ್ಲಿ ಸಿಗುವ ಟೊಮೆಟೊ ತಳಿಗಳ ಜಂತುಹುಳು ನಿರೋಧಕ ಶಕ್ತಿ ಮಣ್ಣು ಸುಮಾರು 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸಡಿಲವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಪ್ಪು ಶೀಟಿನ ಕೆಳಗೆ ನಿಮ್ಮ ಮಣ್ಣು ಅಷ್ಟಕ್ಕೆ ನಿಂತಿರುವ ಮಾತೇ ಇಲ್ಲ.

ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಗಿಡ ಒಳಗೆ ಏನು ಮಾಡುತ್ತದೆ ಅಂತ ಕೇಳಿದ್ದೀರಿ. ಆ ಪ್ರಶ್ನೆ ಕೇಳುವವರು ಕಡಿಮೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ಶತ್ರುವನ್ನು, ಅಂದರೆ ಬೇರಿಗೆ ಗಂಟು ಬರಿಸುವ ಮಣ್ಣಿನ ಜಂತುಹುಳುವನ್ನು ನೋಡೋಣ. ಮೊಟ್ಟೆಯಿಂದ ಹೊರಬಂದ ಮರಿಹುಳು ಹೆಚ್ಚುಕಡಿಮೆ 0.4 ಮಿಲಿಮೀಟರ್ ಉದ್ದ. ದಪ್ಪ ಎಷ್ಟೆಂದರೆ ನಮ್ಮ ತಲೆಗೂದಲಿನ ಕಾಲುಭಾಗವೂ ಇಲ್ಲ. ಬರಿಗಣ್ಣಿಗೆ ಕಾಣುವುದಿಲ್ಲ. ಇದು ಬೇರಿನ ತುದಿಯ ಸ್ವಲ್ಪ ಹಿಂದೆ, ಬೇರು ಉದ್ದವಾಗುತ್ತಿರುವ ಎಳೆ ಜಾಗದಲ್ಲಿ ನುಗ್ಗುತ್ತದೆ. ಬಾಯಲ್ಲಿ ಸೂಜಿಯಂಥ ಒಂದು ಅಂಗ ಇದೆ. ಅದರಿಂದ ಜೀವಕೋಶಗಳ ಗೋಡೆ ಕರಗಿಸುವ ಕಿಣ್ವಗಳನ್ನು ಬಿಡುತ್ತಾ, ಕೋಶಗಳ ನಡುವಿನ ಸಂದಿಯಲ್ಲಿ ಜಾರಿಕೊಂಡು ಹೋಗುತ್ತದೆ. ಬೇರಿನ ನಡುಭಾಗದಲ್ಲಿ ನೀರು, ಆಹಾರ ಸಾಗಿಸುವ ನಾಳಗಳಿವೆಯಲ್ಲ, ಅದರ ಸುತ್ತ ಒಂದು ಬಿಗಿ ಬೇಲಿ ಇದೆ. ನೇರವಾಗಿ ದಾಟಲು ಆಗುವುದಿಲ್ಲ. ಅದಕ್ಕೇ ಹುಳು ಬೇರಿನ ತುದಿಯವರೆಗೆ ಇಳಿದು, ಬೇಲಿ ಇನ್ನೂ ಕಟ್ಟದ ಜಾಗದಲ್ಲಿ ತಿರುಗಿ, ಒಳಗಿನಿಂದ ಮೇಲೆ ಬರುತ್ತದೆ. ಗೇಟು ಹಾಕಿದ ಲೇಔಟಿಗೆ ಹಿಂದಿನ ಖಾಲಿ ಸೈಟಿನಿಂದ ಬಂದ ಹಾಗೆ.

ಒಳಗೆ ಬಂದ ಮೇಲೆ ನಾಳದ ಪಕ್ಕದ ಐದಾರು ಕೋಶಗಳನ್ನು ಹಿಡಿದು ಕೂರುತ್ತದೆ. ಅದರ ಜೊಲ್ಲಿನ ಪ್ರಭಾವಕ್ಕೆ ಆ ಕೋಶಗಳ ಒಳಗಿನ ಕೋಶಕೇಂದ್ರ (ನ್ಯೂಕ್ಲಿಯಸ್) ಪದೇಪದೇ ಒಡೆಯುತ್ತದೆ, ಆದರೆ ಕೋಶ ಎರಡಾಗುವುದಿಲ್ಲ. ಕೊನೆಗೆ ನೂರಾರು ಪಟ್ಟು ದೊಡ್ಡದಾದ, ಹತ್ತಾರು ಕೋಶಕೇಂದ್ರ ತುಂಬಿದ ದೈತ್ಯ ಕೋಶಗಳು ಹುಟ್ಟುತ್ತವೆ. ಗಿಡ ಎಲೆಯಲ್ಲಿ ಮಾಡಿದ ಸಕ್ಕರೆ ಕಾಯಿಗೆ ಹೋಗುವ ಬದಲು ಇಲ್ಲಿಗೆ ಹರಿಯುತ್ತದೆ. ಸುತ್ತಲಿನ ಕೋಶಗಳೂ ಉಬ್ಬುತ್ತವೆ. ನಮಗೆ ಕಾಣುವ ಗಂಟು ಅದೇ. ಅಂದರೆ ಗಂಟು ಹುಳುವಿನ ಮೈಯಲ್ಲ, ಅದು ನಿಮ್ಮ ಗಿಡದ್ದೇ ಮಾಂಸ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವರೆ, ಕಡಲೆಕಾಯಿ ಬೇರಿನಲ್ಲಿರುವ ಒಳ್ಳೆಯ ಗಂಟು ಬೆರಳಲ್ಲಿ ಉಜ್ಜಿದರೆ ಉದುರುತ್ತದೆ. ಜಂತುಹುಳುವಿನ ಗಂಟು ಉದುರುವುದಿಲ್ಲ, ಬೇರೇ ಕಿತ್ತು ಬರುತ್ತದೆ.

ಹೆಣ್ಣು ಹುಳು ಅಲ್ಲೇ ಊದಿಕೊಂಡು ಪೇರ್ ಹಣ್ಣಿನ ಆಕಾರಕ್ಕೆ ಬರುತ್ತದೆ. ಲೋಳೆಯಂಥ ಒಂದು ಚೀಲದಲ್ಲಿ 300ರಿಂದ 500 ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಜಾಸ್ತಿ ಇರುವ ಇನ್‌ಕಾಗ್ನಿಟಾ, ಜವಾನಿಕಾ ಜಾತಿಗಳಿಗೆ ಗಂಡೇ ಬೇಕಿಲ್ಲ. ಬೆಚ್ಚಗಿದ್ದರೆ ಒಂದು ತಲೆಮಾರು ಮುಗಿಯಲು ಒಂದು ತಿಂಗಳು ಸಾಕು. ಟೊಮೆಟೊ ಬೆಳೆ ಹೊಲದಲ್ಲಿ ನಾಲ್ಕು ತಿಂಗಳು ಇರುತ್ತದೆ. ಲೆಕ್ಕ ನೀವೇ ಹಾಕಿ.

ಗಿಡ ಇದನ್ನೆಲ್ಲ ಸುಮ್ನೆ ನೋಡುತ್ತಾ ಕೂರುತ್ತದಾ? ಇಲ್ಲ. ಯಾವ ಟೊಮೆಟೊ ಆದರೂ, ನಿರೋಧಕ ಅಲ್ಲದ್ದೂ, ಒಂದಿಷ್ಟು ಹೋರಾಡುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ, ಅಡುಗೆಮನೆ ಸಾಕು. ಬದನೆಕಾಯಿ ಹೆಚ್ಚಿ ಹಾಗೇ ಇಟ್ಟರೆ ಕಪ್ಪಾಗುತ್ತದೆ ಅಂತ ನೀರಿಗೆ ಹಾಕುತ್ತೇವೆ, ಅಲ್ವಾ? ಬದನೆಯಲ್ಲಿ ಕ್ಲೋರೋಜೆನಿಕ್ ಆಮ್ಲ ಅನ್ನುವ ಒಗರು ವಸ್ತು ತುಂಬಾ ಇದೆ. ಕೋಶ ಗಟ್ಟಿಯಾಗಿದ್ದಾಗ ಅದು ಒಂದು ಕೋಣೆಯಲ್ಲಿ, ಪಾಲಿಫೀನಾಲ್ ಆಕ್ಸಿಡೇಸ್ ಅನ್ನುವ ಕಿಣ್ವ ಇನ್ನೊಂದು ಕೋಣೆಯಲ್ಲಿ. ಚಾಕು ತಾಗಿದ ಕೂಡಲೇ ಎರಡೂ ಬೆರೆಯುತ್ತವೆ. ಗಾಳಿಯ ಆಮ್ಲಜನಕ ಸೇರಿ ಕ್ವಿನೋನ್ ಅನ್ನುವ ಉಗ್ರ ವಸ್ತುಗಳು ಹುಟ್ಟುತ್ತವೆ. ಆ ಕಂದು ಬಣ್ಣ ಅದರದ್ದೇ. ಕ್ವಿನೋನ್ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಟೊಮೆಟೊ ಬದನೆಯ ದಾಯಾದಿ. ಅದರ ಬೇರಿನಲ್ಲೂ ಇದೇ ಕ್ಲೋರೋಜೆನಿಕ್ ಆಮ್ಲ, ಇದೇ ಕಿಣ್ವ. ಹುಳು ಕಚ್ಚಿದ ಕಡೆ ಇದೇ ಆಟ.

ಇದರ ಜೊತೆಗೆ ಇನ್ನೊಂದು ಕೆಲಸ ನಡೆಯುತ್ತದೆ. ಫಿನೈಲ್‌ಅಲನಿನ್ ಅನ್ನುವ ಸಾಮಾನ್ಯ ಅಮೈನೋ ಆಮ್ಲ ಗಿಡದ ಹತ್ತಿರ ಯಾವಾಗಲೂ ಇರುತ್ತದೆ. ಅಪಾಯ ಬಂದಾಗ ಪಿ.ಎ.ಎಲ್. ಅಂತ ಕರೆಯುವ ಕಿಣ್ವ ಅದನ್ನು ಸಿನಾಮಿಕ್ ಆಮ್ಲವಾಗಿ ಬದಲಿಸುತ್ತದೆ. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕವಲಲ್ಲಿ ಒಗರು ವಸ್ತುಗಳು, ಇನ್ನೊಂದರಲ್ಲಿ ಲಿಗ್ನಿನ್. ಲಿಗ್ನಿನ್ ಅಂದರೆ ಮರವನ್ನು ಮರ ಮಾಡುವ ವಸ್ತು. ಪೆರಾಕ್ಸಿಡೇಸ್ ಕಿಣ್ವ ಅದನ್ನು ಕೋಶದ ಗೋಡೆಗೆ ಹೊಡೆದು ಕೂರಿಸುತ್ತದೆ, ಗಾರೆ ಮೆತ್ತಿದ ಹಾಗೆ. ಗೋಡೆ ಗಟ್ಟಿಯಾದಷ್ಟೂ ಹುಳುವಿನ ಸೂಜಿಗೆ ಕಷ್ಟ.

ಇಷ್ಟೆಲ್ಲ ಇದ್ದೂ ಸಾಧಾರಣ ಟೊಮೆಟೊ ಸೋಲುವುದು ಏಕೆ? ತಡವಾಗುವುದರಿಂದ. ಬೇರುಗಂಟು ಹುಳು ಕಳ್ಳತನದಲ್ಲಿ ನಿಪುಣ. ಅದು ಕೋಶಗಳ ಸಂದಿಯಲ್ಲಿ ಜಾರುತ್ತದೆ, ಕೋಶ ಒಡೆಯುವುದು ಕಡಿಮೆ. ಕೋಶ ಒಡೆಯದಿದ್ದರೆ ಎರಡು ಕೋಣೆಯ ವಸ್ತು ಬೆರೆಯುವುದಿಲ್ಲ, ಗಂಟೆ ಬಾರಿಸುವುದಿಲ್ಲ. ಇದೇ ಬೇರಿನಲ್ಲಿ ಗಾಯ ಮಾಡುವ ಬೇರೆ ಜಾತಿಯ ಜಂತುಹುಳುಗಳಿವೆ. ಅವು ಕೋಶಗಳನ್ನು ಚುಚ್ಚಿ ಒಡೆದುಕೊಂಡೇ ಹೋಗುತ್ತವೆ, ಅವು ಹೋದ ದಾರಿಯೆಲ್ಲ ಕಂದು ಗೆರೆ. ನಮ್ಮ ಕಳ್ಳನ ದಾರಿಯಲ್ಲಿ ಅಂಥ ಗುರುತೇ ಇರುವುದಿಲ್ಲ. ಮೇಲಾಗಿ ಅದರ ಮೈಮೇಲೂ ಜೊಲ್ಲಿನಲ್ಲೂ ಗಿಡದ ಅಸ್ತ್ರವನ್ನು ತಣಿಸುವ ಕಿಣ್ವಗಳಿವೆ. ಕೋರಿಸ್ಮೇಟ್ ಮ್ಯೂಟೇಸ್ ಅನ್ನುವ ಒಂದನ್ನು ಜವಾನಿಕಾ ಹುಳುವಿನಲ್ಲಿ 1999ರಲ್ಲಿ ಕಂಡುಹಿಡಿದರು. ಗಿಡ ತನ್ನ ಎಚ್ಚರಿಕೆ ಸಂದೇಶವಾದ ಸ್ಯಾಲಿಸಿಲಿಕ್ ಆಮ್ಲ ಮಾಡಲು ಇಟ್ಟುಕೊಂಡ ಕಚ್ಚಾವಸ್ತುವಿಗೇ ಅದು ಕೈಹಾಕುತ್ತದೆ. ಸ್ಯಾಲಿಸಿಲಿಕ್ ಆಮ್ಲ ಅಂದಾಗ ನಿಮ್ಮ ಆಸ್ಪಿರಿನ್ ನೆನಪಾಯಿತಾ? ಇರಿ, ಅಲ್ಲಿಗೇ ಬರುತ್ತೇನೆ.

ಈಗ ನಿರೋಧಕ ತಳಿ. ಇದರಲ್ಲಿ ಇರುವುದು ಮುಖ್ಯವಾಗಿ ಒಂದೇ ಜೀನ್. ಹೆಸರು ‘ಎಂಐ’. ಟೊಮೆಟೊದ ಆರನೇ ವರ್ಣತಂತುವಿನ ಮೇಲೆ ಇದೆ. ಇದು ಒಂದು ಕಾವಲು ಪ್ರೋಟೀನ್ ಮಾಡುತ್ತದೆ, 1257 ಅಮೈನೋ ಆಮ್ಲಗಳ ಉದ್ದನೆಯ ಸರ. ಇದು ವಿಷವಲ್ಲ, ಹುಳುವನ್ನು ಮುಟ್ಟಿ ಕೊಲ್ಲುವುದೂ ಇಲ್ಲ. ಹುಳು ಬಂದಿರುವುದನ್ನು ಬೇಗ ಪತ್ತೆಮಾಡಿ ಕೂಗುವುದಷ್ಟೇ ಇದರ ಕೆಲಸ. ಮೇಲೆ ಹೇಳಿದ ಅಸ್ತ್ರಗಳೇ ಇಲ್ಲೂ ಬಳಕೆಯಾಗುವುದು. ಆದರೆ ದಿನಗಟ್ಟಲೆ ತಡವಾಗಿ ಅಲ್ಲ, ಗಂಟೆಗಳಲ್ಲಿ.

ಇದನ್ನು ಕಣ್ಣಾರೆ ನೋಡಬಹುದು. ಬೇರನ್ನು ಬ್ಲೀಚಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆದು, ಆಸಿಡ್ ಫುಕ್ಸಿನ್ ಅನ್ನುವ ಬಣ್ಣದಲ್ಲಿ ಕುದಿಸುತ್ತೇವೆ. ಆಮೇಲೆ ಗ್ಲಿಸರಿನ್‌ನಲ್ಲಿ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಬೇರು ಗಾಜಿನ ಹಾಗೆ ತಿಳಿಯಾಗಿ, ಒಳಗಿನ ಹುಳುಗಳು ಕೆಂಪು ದಾರದ ತುಣುಕುಗಳ ಹಾಗೆ ಕಾಣುತ್ತವೆ. ಸಾಧಾರಣ ತಳಿಯಲ್ಲಿ ಅವು ಸಾಲಾಗಿ, ಎಲ್ಲವೂ ತಲೆಯನ್ನು ನಾಳದ ಕಡೆ ಮಾಡಿ ಮಲಗಿರುತ್ತವೆ. ಕೆಲವು ದಿನ ಬಿಟ್ಟು ನೋಡಿದರೆ ಅದೇ ಹುಳುಗಳು ದಪ್ಪಗಾಗಿರುತ್ತವೆ. ನಿರೋಧಕ ತಳಿಯಲ್ಲೂ ಹುಳು ಒಳಗೆ ಬಂದೇ ಇರುತ್ತದೆ. ಇದನ್ನು ತುಂಬಾ ಜನ ತಪ್ಪು ತಿಳಿಯುತ್ತಾರೆ, ನಿರೋಧಕ ಅಂದರೆ ಹುಳು ಹತ್ತಿರವೇ ಸುಳಿಯುವುದಿಲ್ಲ ಅಂತ. ಬರುತ್ತದೆ. ಆದರೆ ಅದರ ತಲೆ ಇರುವ ಕಡೆ ಒಂದು ಕಂದು ಮಚ್ಚೆ. ಹುಳು ಬೇರಿಗೆ ಬಂದ ಸುಮಾರು 12 ಗಂಟೆಯಲ್ಲೇ ಆ ಜಾಗದ ಕೋಶಗಳು ಸಾಯಲು ಶುರುವಾಗಿರುತ್ತವೆ. ಅದು ಹುಳು ಕೊಂದದ್ದಲ್ಲ, ಗಿಡವೇ ಕೊಂದದ್ದು. ತನ್ನ ಐದಾರು ಕೋಶ ಸುಟ್ಟುಕೊಂಡು ಹುಳುವಿನ ಊಟದ ಎಲೆಯನ್ನೇ ಎಳೆದುಬಿಡುತ್ತದೆ. ಜೀವಂತ ಕೋಶ ಇಲ್ಲದಿದ್ದರೆ ಈ ಹುಳು ಬದುಕುವುದಿಲ್ಲ. ಉಪವಾಸ ಸಾಯುತ್ತದೆ, ಇಲ್ಲವೇ ಬಂದ ದಾರಿ ಹಿಡಿದು ಹೊರಗೆ ಹೋಗುತ್ತದೆ.

ಸುಡುವುದಕ್ಕೆ ಬೆಂಕಿ ಯಾವುದು? ಹೈಡ್ರೋಜನ್ ಪೆರಾಕ್ಸೈಡ್. ಮೆಡಿಕಲ್ ಶಾಪಿನಲ್ಲಿ ಗಾಯ ತೊಳೆಯಲು ಕೊಡುತ್ತಾರಲ್ಲ, ಅದೇ. ಗಾಯದ ಮೇಲೆ ಹಾಕಿದರೆ ಬುಸಬುಸ ನೊರೆ ಬರುತ್ತದೆ. ನೊರೆ ಬರಿಸುವುದು ನಮ್ಮ ರಕ್ತದಲ್ಲಿರುವ ಕ್ಯಾಟಲೇಸ್ ಕಿಣ್ವ. ಅದು ಪೆರಾಕ್ಸೈಡನ್ನು ಒಡೆದು ನೀರು ಮತ್ತು ಆಮ್ಲಜನಕ ಮಾಡುತ್ತದೆ. ಟೊಮೆಟೊ ಬೇರಿನಲ್ಲೂ ಕ್ಯಾಟಲೇಸ್ ಇದೆ, ದಿನನಿತ್ಯ ಕೋಶವನ್ನು ಕಾಪಾಡುವುದು ಅದರ ಕೆಲಸ. ಎಂಐ ಇರುವ ಗಿಡದಲ್ಲಿ ಹುಳು ನುಗ್ಗಿದಾಗ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಪೆರಾಕ್ಸೈಡ್ ಉತ್ಪಾದನೆ ಏರುತ್ತದೆ, ಕ್ಯಾಟಲೇಸ್ ಕೆಲಸ ಇಳಿಯುತ್ತದೆ. ಬೆಂಕಿ ಹಚ್ಚಿ ಫೈರ್ ಎಂಜಿನ್ನಿನ ಕೀ ಕಿತ್ತಿಟ್ಟುಕೊಂಡ ಹಾಗೆ. ಕೀ ಕಿತ್ತುಕೊಳ್ಳುವುದರಲ್ಲಿ ಸ್ಯಾಲಿಸಿಲಿಕ್ ಆಮ್ಲದ ಕೈವಾಡ ಇದೆ. ಸ್ಯಾಲಿಸಿಲಿಕ್ ಆಮ್ಲ ಹುಟ್ಟಿದ ಹಾಗೇ ಅದನ್ನು ಒಡೆದುಹಾಕುವ ಒಂದು ಬ್ಯಾಕ್ಟೀರಿಯಾ ಜೀನನ್ನು ಎಂಐ ಇರುವ ಟೊಮೆಟೊ ಬೇರಿಗೆ ಸೇರಿಸಿ 2004ರಲ್ಲಿ ಪರೀಕ್ಷೆ ಮಾಡಿದರು. ನಿರೋಧಕ ಶಕ್ತಿ ಕುಗ್ಗಿತು. ಪೂರ್ತಿ ಹೋಗಲಿಲ್ಲ.

ಈಗ ಬಿಸಿಯ ವಿಷಯ. ಇದನ್ನು ನಾನು ಪುಸ್ತಕದಲ್ಲಿ ಓದುವ ಮೊದಲೇ ಅವಮಾನಪಟ್ಟು ಕಲಿತವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪಾಲಿಹೌಸಿನಲ್ಲಿ ಕುಂಡಗಳಲ್ಲಿ ಎರಡು ತಳಿ ಬೆಳೆಸಿದ್ದೆ, ಒಂದು ನಿರೋಧಕ, ಒಂದು ಸಾಧಾರಣ. ಏಪ್ರಿಲ್ ತಿಂಗಳು. ಫ್ಯಾನ್ ಕೆಟ್ಟು ಒಂದು ವಾರ ಆಗಿತ್ತು, ರಿಪೇರಿಯವರು ನಾಳೆ ನಾಳೆ ಅನ್ನುತ್ತಿದ್ದರು. ಗಿಡ ಚೆನ್ನಾಗೇ ಇದ್ದವು, ನಾನೂ ತಲೆ ಕೆಡಿಸಿಕೊಳ್ಳಲಿಲ್ಲ. ಆರು ವಾರದ ಮೇಲೆ ಬೇರು ತೊಳೆದರೆ ಎರಡು ತಳಿಯಲ್ಲೂ ಗಂಟು. ಲೇಬಲ್ ಅದಲುಬದಲು ಮಾಡಿದ್ದೇನೆ ಅಂದುಕೊಂಡೆ. ಸಹಾಯಕ ಹುಡುಗನ ಮೇಲೆ ರೇಗಿಯೂ ಬಿಟ್ಟೆ, ಪಾಪ. ಆಮೇಲೆ ಹಿರಿಯರೊಬ್ಬರು ಕುಂಡದ ಮಣ್ಣಿಗೆ ಥರ್ಮಾಮೀಟರ್ ಚುಚ್ಚಿ ತೋರಿಸಿದರು. ಮಧ್ಯಾಹ್ನ 36 ಡಿಗ್ರಿ.

ಈ ಗುಣವನ್ನು ಡ್ರಾಪ್ಕಿನ್ ಅನ್ನುವ ವಿಜ್ಞಾನಿ 1969ರಲ್ಲೇ ಬಿಡಿಸಿ ತೋರಿಸಿದ್ದರು. 28 ಡಿಗ್ರಿಯಲ್ಲಿ ನಿರೋಧಕ ಗಿಡದ ಬೇರಿನಲ್ಲಿ ಆ ಕಂದು ಮಚ್ಚೆ ಚೆನ್ನಾಗಿ ಬರುತ್ತದೆ. 33 ಡಿಗ್ರಿಗೆ ಹೋದರೆ ಬರುವುದೇ ಇಲ್ಲ ಅನ್ನಬಹುದು, ಹುಳು ಆರಾಮಾಗಿ ಕೂತು ಗಂಟು ಕಟ್ಟುತ್ತದೆ. ಮಜಾ ಏನೆಂದರೆ, ಈ ತೀರ್ಮಾನ ಹುಳು ನುಗ್ಗಿದ ಮೊದಲ ಎರಡು ಮೂರು ದಿನದಲ್ಲೇ ಆಗಿಬಿಡುತ್ತದೆ. ಆ ದಿನಗಳಲ್ಲಿ ಮಣ್ಣು ತಂಪಾಗಿದ್ದು ಕೋಶ ಸತ್ತರೆ, ಆಮೇಲೆ ಎಷ್ಟೇ ಬಿಸಿಲು ಬಂದರೂ ಆ ಹುಳುವಿಗೆ ಊಟ ಇಲ್ಲ. ಆ ದಿನಗಳಲ್ಲಿ ಬಿಸಿ ಇದ್ದು ಹುಳು ಊಟಕ್ಕೆ ಕೂತರೆ, ಆಮೇಲೆ ತಂಪಾದರೂ ಏಳಿಸಲು ಆಗುವುದಿಲ್ಲ.

ಪ್ರತಿ ಹುಳುವಿಗೂ ಈ ಎರಡು ಮೂರು ದಿನ ಬೇರೆಬೇರೆ ಬರುತ್ತದೆ, ಯಾಕೆಂದರೆ ಎಲ್ಲ ಒಂದೇ ದಿನ ನುಗ್ಗುವುದಿಲ್ಲ. ಆದರೂ ನಾಟಿಯಾದ ಮೊದಲ ತಿಂಗಳಿಗೆ ಬೆಲೆ ಜಾಸ್ತಿ. ಗಿಡ ಚಿಕ್ಕದು, ಬೇರು ಕೆಲವೇ, ಮತ್ತು ಆಗ ಒಳಗೆ ಕೂತ ಹುಳುವಿನ ಮಕ್ಕಳೇ ಮುಂದಿನ ಮೂರು ತಿಂಗಳು ನಿಮ್ಮನ್ನು ಕಾಡುವುದು. ನಿಮ್ಮ ಭಾವನ ಗಿಡಗಳಿಗೆ ಆ ತಿಂಗಳು ಚಳಿಯಲ್ಲಿ ಕಳೆಯಿತು. ನಿಮ್ಮವಕ್ಕೆ ಕಪ್ಪು ಶೀಟಿನ ಕೆಳಗೆ ಬಿಸಿಲಿನಲ್ಲಿ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಪ್ರಯೋಗಾಲಯದಲ್ಲಿ ಹಗಲುರಾತ್ರಿ ಒಂದೇ ಬಿಸಿ ಇಡುತ್ತಾರೆ. ಹೊಲದಲ್ಲಿ ರಾತ್ರಿ ತಣ್ಣಗಾಗುತ್ತದೆ. ಅದಕ್ಕೇ ಬೇಸಿಗೆ ಹೊಲದಲ್ಲೂ ನಿರೋಧಕ ತಳಿ ಸಾಮಾನ್ಯವಾಗಿ ಸಾಧಾರಣ ತಳಿಗಿಂತ ಕಡಿಮೆ ಗಂಟು ತೋರಿಸುತ್ತದೆ. ನಿಮ್ಮ ಬೇರಿನಲ್ಲಿ ಗಂಟು ಚದುರಿದ ಹಾಗೆ, ಸಣ್ಣಸಣ್ಣದಾಗಿ ಇದ್ದರೆ ಇದೇ ಕಥೆ. ಶುಂಠಿ ಗೆಡ್ಡೆಯ ಹಾಗೆ ಬೇರೆಲ್ಲ ಊದಿಕೊಂಡಿದ್ದರೆ ಬೇರೆ ಕಾರಣವೂ ಸೇರಿದೆ ಅಂತ ತಿಳಿಯಿರಿ. ಅಂಥ ಕಾರಣ ಏನೇನು ಅಂತ ನೋಡಲು ಈ ಜೀನಿನ ಹುಟ್ಟು ತಿಳಿದಿರಬೇಕು.

ನಾವು ತಿನ್ನುವ ಟೊಮೆಟೊದಲ್ಲಿ ಈ ಜೀನ್ ಇರಲೇ ಇಲ್ಲ. ಅದು ಇದ್ದದ್ದು ದಕ್ಷಿಣ ಅಮೆರಿಕದ ಪೆರುವಿಯಾನಮ್ ಅನ್ನುವ ಕಾಡು ಟೊಮೆಟೊದಲ್ಲಿ. ಚಿಕ್ಕ ಕಾಯಿ, ಹಣ್ಣಾದರೂ ಕೆಂಪಾಗದ ಜಾತಿ. ಅದನ್ನು ನಮ್ಮ ಟೊಮೆಟೊ ಜೊತೆ ಅಡ್ಡಹಾಯಿಸಿದರೆ ಬೀಜ ಕಟ್ಟುವುದಿಲ್ಲ, ಭ್ರೂಣ ಅರ್ಧಕ್ಕೇ ಸಾಯುತ್ತದೆ. 1944ರಲ್ಲಿ ಸ್ಮಿತ್ ಅನ್ನುವವರು ಆ ಎಳೆ ಭ್ರೂಣವನ್ನು ಕಾಯಿಯಿಂದ ಬಿಡಿಸಿ ತೆಗೆದು, ಗಾಜಿನ ಕೊಳವೆಯಲ್ಲಿ ಪೋಷಕ ದ್ರವ್ಯ ಕೊಟ್ಟು ಬೆಳೆಸಿದರು. ಮಾರುಕಟ್ಟೆಯ ಎಂಐ ತಳಿಗಳ ವಂಶ ಹಿಂದಕ್ಕೆ ಹಿಡಿದು ಹೋದರೆ ಆ ಒಂದು ಗಿಡಕ್ಕೆ ಬಂದು ಮುಟ್ಟುತ್ತದೆ. ನನಗೆ ಇದು ಈಗಲೂ ಆಶ್ಚರ್ಯದ ವಿಷಯ. ಕೋಲಾರದ ಹೊಲದಲ್ಲಿ, ಸ್ಪೇನಿನ ಪಾಲಿಹೌಸಿನಲ್ಲಿ ಇರುವ ಕಾವಲುಗಾರ ಒಬ್ಬನೇ, ಒಂದೇ ಕೊಳವೆಯಲ್ಲಿ ಹುಟ್ಟಿದವನು. ಜೀನನ್ನು ಬೇರ್ಪಡಿಸಿ ಓದಿದ್ದು 1998ರಲ್ಲಿ. ಅದರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ವ್ಯಾಲರಿ ವಿಲಿಯಮ್‌ಸನ್ ತಂಡದ ಪಾತ್ರ ದೊಡ್ಡದು. ಇದೇ ಜೀನ್ ಒಂದು ಜಾತಿಯ ಗಿಡಹೇನನ್ನೂ, ಸ್ವಲ್ಪಮಟ್ಟಿಗೆ ಬಿಳಿನೊಣವನ್ನೂ ತಡೆಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಎಲೆ ಮುದುಡು ರೋಗ ಹೊತ್ತು ತರುವ ಬಿಳಿನೊಣ ಅಂದ ಕೂಡಲೇ ಖುಷಿಪಡಬೇಡಿ. ಆ ತಡೆ ಅರೆಬರೆ. ಅದನ್ನು ನಂಬಿ ಕೂರಬಾರದು.

ಒಬ್ಬನೇ ಕಾವಲುಗಾರ ಆದ್ದರಿಂದ ಅವನಿಗೆ ಗೊತ್ತಿಲ್ಲದ ಕಳ್ಳ ಬಂದರೆ ಬಾಗಿಲು ತೆರೆದೇ ಇರುತ್ತದೆ. ಎಂಐ ಗುರುತಿಸುವುದು ಇನ್‌ಕಾಗ್ನಿಟಾ, ಜವಾನಿಕಾ, ಅರೆನೇರಿಯಾ ಅನ್ನುವ ಮೂರು ಜಾತಿಯನ್ನು. ಎಂಟೆರೊಲೋಬಿ ಅನ್ನುವ ಜಾತಿ ಇದಕ್ಕೆ ಕ್ಯಾರೇ ಅನ್ನುವುದಿಲ್ಲ, ಮಣ್ಣು ತಂಪಾಗಿದ್ದರೂ ಅಷ್ಟೇ. ಅದು ಸೀಬೆ ಗಿಡದ ದೊಡ್ಡ ಶತ್ರು. ತಮಿಳುನಾಡಿನ ಸೀಬೆ ತೋಟಗಳಲ್ಲಿ ಅದು ಮಾಡಿರುವ ಹಾನಿ ಸಣ್ಣದಲ್ಲ, ಸಸಿಯ ಜೊತೆ ಊರಿಂದೂರಿಗೆ ಹೋಗುತ್ತದೆ. ಅದಕ್ಕೇ ನಿಮ್ಮನ್ನು ಕೇಳುವುದು: ಆ ಹೊಲದಲ್ಲಿ ಅಥವಾ ಪಕ್ಕದಲ್ಲಿ ಹೊರಗಿನಿಂದ ತಂದ ಸೀಬೆ ಸಸಿ ಹಾಕಿದ್ದಿರಾ? ಹಾಕಿದ್ದರೆ ಹುಳುವಿನ ಜಾತಿ ಪರೀಕ್ಷೆ ಮಾಡಿಸಲೇಬೇಕು. ಇನ್ನೊಂದು ಸಾಧ್ಯತೆ, ವರ್ಷಾನುಗಟ್ಟಲೆ ಎಂಐ ತಳಿಯನ್ನೇ ಹಾಕಿದ ಹೊಲದಲ್ಲಿ ಅದನ್ನು ಮೀರಿಸುವ ಹುಳುಗಳೇ ಉಳಿದು ಬೆಳೆದಿರುವುದು. ನೀವು ಹಾಕಿರುವುದು ಇದೇ ಮೊದಲ ಸಲ ಅನ್ನಿಸುತ್ತದೆ, ಹಾಗಾಗಿ ಇದನ್ನು ಸದ್ಯಕ್ಕೆ ಬಿಡೋಣ. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಜೀನಿನ ಒಂದೇ ಪ್ರತಿ ಇರುತ್ತದೆ, ತಂದೆಯಿಂದ ಅಥವಾ ತಾಯಿಯಿಂದ ಬಂದದ್ದು. ಎರಡು ಪ್ರತಿ ಇರುವ ತಳಿಗಿಂತ ಇದರ ತಡೆ ಒಂದು ಕೈ ಕಡಿಮೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು, ತುಂಬಾ ಜನ ಕೇಳುತ್ತಾರೆ. ಅರ್ಕಾ ರಕ್ಷಕ್ ಮೂರು ರೋಗ ನಿರೋಧಕ, ಹಾಗಾಗಿ ಗಂಟಿಗೂ ಆಗುತ್ತದೆ ಅಂತ. ಆ ಮೂರು ಎಲೆ ಮುದುಡು ನಂಜು, ದುಂಡಾಣು ಸೊರಗು, ಎಲೆ ಅಂಗಮಾರಿ. ಜಂತುಹುಳು ಆ ಪಟ್ಟಿಯಲ್ಲಿ ಇಲ್ಲ. ಜಂತುಹುಳುವಿಗೆ ಅಂತಲೇ ಬಂದ ತಳಿಗಳು ಬೇರೆ. ಹಿಸಾರ್ ಲಲಿತ್, ಪಂಜಾಬಿನ ಪಿ.ಎನ್.ಆರ್-7 ಅಂಥವು.

ಈಗ ಆಸ್ಪಿರಿನ್. ಹೇಳಿದವರು ಪೂರ್ತಿ ಸುಳ್ಳು ಹೇಳಿಲ್ಲ. ಆಸ್ಪಿರಿನ್ ಸ್ಯಾಲಿಸಿಲಿಕ್ ಆಮ್ಲದ ಹತ್ತಿರದ ನೆಂಟ. ಕುಂಡದ ಪ್ರಯೋಗಗಳಲ್ಲಿ ಸ್ಯಾಲಿಸಿಲಿಕ್ ಆಮ್ಲ ಕೊಟ್ಟು ಗಂಟು ಕಡಿಮೆಯಾಗಿದ್ದೂ ಇದೆ. ಆದರೂ ನಾನು ಬೇಡ ಅನ್ನುತ್ತೇನೆ. ಗಿಡ ಈ ವಸ್ತುವನ್ನು ಬೇಕಾದ ಜಾಗದಲ್ಲಿ, ಬೇಕಾದ ಗಂಟೆಯಲ್ಲಿ, ಚೂರೇ ಚೂರು ಮಾಡಿಕೊಳ್ಳುತ್ತದೆ. ನೀವು ಇಡೀ ಗಿಡಕ್ಕೆ ಹೊಡೆದರೆ ಎಲ್ಲ ಕಡೆ ಏಕಕಾಲಕ್ಕೆ ಎಚ್ಚರಿಕೆ ಗಂಟೆ. ಗಿಡ ಬೆಳೆಯುವುದು ಬಿಟ್ಟು ಯುದ್ಧಕ್ಕೆ ನಿಲ್ಲುತ್ತದೆ. ಸ್ವಲ್ಪ ಜಾಸ್ತಿಯಾದರೆ ಎಲೆ ಅಂಚು ಸುಡುತ್ತದೆ, ಬೇರು ಮೊಂಡಾಗುತ್ತದೆ. ಹೊಲಕ್ಕೆ ಅಂತ ಗೊತ್ತುಮಾಡಿದ ಪ್ರಮಾಣ ಯಾರೂ ಕೊಟ್ಟಿಲ್ಲ, ಮಾತ್ರೆ ಎಣಿಸಿ ಟ್ಯಾಂಕಿಗೆ ಹಾಕುವುದು ಅಂದಾಜಿನ ಆಟ.

ಗಿಡದ ರಕ್ಷಣೆ ಎಷ್ಟು ಸೂಕ್ಷ್ಮ ಅನ್ನುವುದಕ್ಕೆ ಜಾಸ್ಮೋನಿಕ್ ಆಮ್ಲದ ಉದಾಹರಣೆ ಕೊಡುತ್ತೇನೆ. ಇದೂ ಗಿಡದ ಇನ್ನೊಂದು ಎಚ್ಚರಿಕೆ ಸಂದೇಶ, ಮಲ್ಲಿಗೆಯ ಪರಿಮಳದ ವಸ್ತುವಿನ ಕುಟುಂಬದ್ದು. ಇದನ್ನು ಎಲೆಗೆ ಸಿಂಪಡಿಸಿದಾಗ ಬೇರಿನಲ್ಲಿ ಹುಳು ಕಡಿಮೆಯಾಯಿತು. ಸರಿ, ಒಳ್ಳೆಯದು. ಆದರೆ ಈ ಸಂದೇಶವೇ ಕೇಳಿಸದ ಕಿವುಡು ಟೊಮೆಟೊ ಗಿಡ ತೆಗೆದುಕೊಂಡು 2008ರಲ್ಲಿ ನೋಡಿದರೆ, ಅದರಲ್ಲಿ ಹುಳು ಜಾಸ್ತಿಯಾಗಬೇಕಿತ್ತು ತಾನೇ? ಕಡಿಮೆಯಾಯಿತು! ಅಂದರೆ ಹುಳುವಿಗೂ ಮನೆ ಕಟ್ಟಲು ಅದೇ ಸಂದೇಶದ ದಾರಿ ಬೇಕು. ಒಂದೇ ವಸ್ತು ಗಿಡಕ್ಕೆ ಆಯುಧ, ಹುಳುವಿಗೆ ಏಣಿ. ಇಂಥ ಕಡೆ ಡ್ರಮ್ಮಿನಲ್ಲಿ ಕಲಸಿ ಹೊಡೆಯಲು ಹೋಗಬಾರದು.

ಗಿಡವನ್ನು ಮೊದಲೇ ಎಬ್ಬಿಸಿಡಬೇಕು ಅನ್ನಿಸಿದರೆ ಅದಕ್ಕೆ ಟ್ರೈಕೋಡರ್ಮಾ ವಾಸಿ. ಇದು ಬೇರಿನ ಮೇಲೆ ಬೆಳೆಯುವ ಒಳ್ಳೆಯ ಶಿಲೀಂಧ್ರ. ತಾನೇ ಗಂಟೆ ಬಾರಿಸುವುದಿಲ್ಲ, ಕಾವಲುಗಾರನಿಗೆ ತೂಕಡಿಕೆ ಬರದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ. ಟೊಮೆಟೊ ಮೇಲೆ 2017ರಲ್ಲಿ ಪ್ರಕಟವಾದ ಕೆಲಸದಲ್ಲಿ ಇದು ಚೆನ್ನಾಗಿ ಕಂಡಿತು. ಟ್ರೈಕೋಡರ್ಮಾ ಇದ್ದ ಬೇರಿಗೆ ಹುಳು ನುಗ್ಗುವಾಗ ಸ್ಯಾಲಿಸಿಲಿಕ್ ದಾರಿ ಚುರುಕಾಯಿತು, ಹುಳು ಕೂತು ಗಂಟು ಕಟ್ಟುವ ಹೊತ್ತಿಗೆ ಜಾಸ್ಮೋನಿಕ್ ದಾರಿ ಚುರುಕಾಯಿತು. ಯಾವಾಗ ಯಾವುದು ಬೇಕೋ ಗಿಡವೇ ತೀರ್ಮಾನ ಮಾಡಿಕೊಂಡಿತು. ನರ್ಸರಿಯ ಕೋಕೋಪೀಟ್‌ಗೇ ಇದನ್ನು ಬೆರೆಸಿದರೆ ಸಸಿ ಹೊಲಕ್ಕೆ ಬರುವಾಗಲೇ ಬೇರಿನ ಮೇಲೆ ಇರುತ್ತದೆ. ನಾಟಿಯಾಗಿ ತಿಂಗಳಾದ ಮೇಲೆ ಡ್ರಿಪ್‌ನಲ್ಲಿ ಬಿಟ್ಟರೆ ಆ ಹೊತ್ತಿಗೆ ಹುಳು ಊಟಕ್ಕೆ ಕೂತಾಗಿರುತ್ತದೆ.

ಮುಂದಿನ ಸಲಕ್ಕೆ ನಾನಾಗಿದ್ದರೆ ಏನು ಮಾಡುತ್ತಿದ್ದೆ? ಮೊದಲು, ಈ ಗಂಟು ಹೊಲದಲ್ಲಿ ಮೆತ್ತಗೆ ನಾಟಿಯ ತಿಂಗಳು ಬದಲಿಸುತ್ತಿದ್ದೆ. ಬೇಸಿಗೆ ಟೊಮೆಟೊಗೆ ರೇಟು ಸಿಗುತ್ತದೆ ಅನ್ನುವುದು ನನಗೂ ಗೊತ್ತು, ಕೋಲಾರ ಮಾರ್ಕೆಟ್ಟಿನ ಏರಿಳಿತ ನೋಡಿದವನೇ. ಬೇಸಿಗೆಗೇ ಹಾಕಬೇಕು ಅಂದರೆ ಕಪ್ಪು ಶೀಟ್ ಬಿಡಿ. ಬೆಳ್ಳಿ ಮುಖ ಮೇಲೆ ಇರುವ ಶೀಟ್ ಹಾಕಿ, ಅದು ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ. ಇಲ್ಲವೇ ಹುಲ್ಲು, ರಾಗಿ ಕಡ್ಡಿ ಹಾಸಿ. ನಾಟಿ ಸಂಜೆ ಮಾಡಿ. ಮೊದಲ ತಿಂಗಳು ನೀರನ್ನು ಒಂದೇ ಸಲ ಬಿಡುವ ಬದಲು ಸ್ವಲ್ಪ ಸ್ವಲ್ಪ ಜಾಸ್ತಿ ಸಲ ಬಿಡಿ, ಒದ್ದೆ ಮಣ್ಣು ನಿಧಾನಕ್ಕೆ ಕಾಯುತ್ತದೆ. ಒಂದು ಮಣ್ಣಿನ ಥರ್ಮಾಮೀಟರ್ ತಂದಿಟ್ಟುಕೊಳ್ಳಿ, ದುಬಾರಿ ಏನಲ್ಲ. ಗಿಡದ ಬುಡದಿಂದ ಒಂದು ಗೇಣು ದೂರ, ನಾಲ್ಕು ಬೆರಳು ಆಳಕ್ಕೆ ಚುಚ್ಚಿ ಮಧ್ಯಾಹ್ನ ಮೂರು ಗಂಟೆಗೆ ನೋಡಿ. ನೆರಳಿನ ಹವಾಮಾನ ವರದಿ ನೋಡಿ ಅಂದಾಜು ಮಾಡಬೇಡಿ, ಶೀಟಿನ ಕೆಳಗಿನ ಲೋಕವೇ ಬೇರೆ.

ಸಸಿ ತರುವಾಗ ಟ್ರೇಯಿಂದ ನಾಲ್ಕು ಸಸಿ ಎಳೆದು ಬೇರು ನೋಡಿ. ನರ್ಸರಿಯವರು ಬೈದರೂ ಪರವಾಗಿಲ್ಲ. ನೀವೇ ಮಣ್ಣಿನ ಮಡಿಯಲ್ಲಿ ಸಸಿ ಮಾಡುವುದಾದರೆ ಏಪ್ರಿಲ್, ಮೇ ಬಿಸಿಲಿನಲ್ಲಿ ಮಡಿಗೆ ನೀರು ಕೊಟ್ಟು, ಪಾರದರ್ಶಕ ಪಾಲಿಥೀನ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಡಿ. ಇಲ್ಲಿ ಅದೇ ಬಿಸಿ ನಮ್ಮ ಕೆಲಸಕ್ಕೆ ಬರುತ್ತದೆ.

ನಡುವೆ ಒಂದು ಬೆಳೆ ಚೆಂಡುಹೂವು ಹಾಕಿ. ಅದರ ಬೇರಿನಲ್ಲಿ ಆಲ್ಫಾ ಟರ್ಥೈನಿಲ್ ಅನ್ನುವ ಗಂಧಕದ ವಸ್ತು ಇದೆ. ಹುಳು ಆ ಬೇರಿಗೆ ನುಗ್ಗಿದರೆ ಉಳಿಯುವುದು ಕಷ್ಟ. ಬದುವಿನಲ್ಲಿ ನಾಲ್ಕು ಗಿಡ ಇಟ್ಟರೆ ಇದು ಆಗುವುದಿಲ್ಲ, ಇಡೀ ಹೊಲದಲ್ಲಿ ಒತ್ತಾಗಿ ಎರಡು ಮೂರು ತಿಂಗಳು ಇರಬೇಕು. ನಿಮ್ಮ ಕಡೆ ಹೂವಿಗೆ ಮಾರುಕಟ್ಟೆಯೂ ಇದೆ. ಬೇವಿನ ಹಿಂಡಿಯನ್ನು ಕೊಟ್ಟಿಗೆ ಗೊಬ್ಬರದ ಜೊತೆ ನಾಟಿಗೆ ಎರಡು ಮೂರು ವಾರ ಮೊದಲೇ ಮಣ್ಣಿಗೆ ಸೇರಿಸುವುದು ಹಳೆಯ ಮಾತು, ಈಗಲೂ ನಿಲ್ಲುವ ಮಾತು. ಕೆಲವರು ಇನ್ನೂ ಫೋರೇಟ್ ಅನ್ನುವ ಕೀಟನಾಶಕದ ಗುಳಿಗೆ ಕೇಳುತ್ತಾರೆ. ಅದರ ಬಳಕೆ 2020ರ ಕೊನೆಗೇ ನಿಂತಿದೆ, ಯಾರಾದರೂ ಕೊಟ್ಟರೂ ತರಬೇಡಿ. ಸುಂಡೆಕಾಯಿ ಗಿಡದ ಬೇರಿನ ಮೇಲೆ ಕಸಿ ಮಾಡುವುದು ಬದನೆಗೆ ಚೆನ್ನಾಗಿ ಒಗ್ಗುತ್ತದೆ. ಟೊಮೆಟೊಗೆ ಅಷ್ಟು ಸಲೀಸಲ್ಲ, ಎರಡು ಎಕರೆಗೆ ಮೊದಲ ಸಲವೇ ಹೋಗಬೇಡಿ.

ಕೊನೆಗೆ ಈ ವಾರದ ಕೆಲಸ. ಕೊಯ್ಲು ಮುಗಿದಿದ್ದರೆ ಗಿಡವನ್ನು ಬುಡಕ್ಕೆ ಕತ್ತರಿಸಿ ಬೇರು ಮಣ್ಣಲ್ಲೇ ಬಿಡಬೇಡಿ. ಬೇರು ಹಸಿಯಾಗಿರುವ ತನಕ ಒಳಗಿನ ಹೆಣ್ಣುಗಳು ಮೊಟ್ಟೆ ಇಡುತ್ತಲೇ ಇರುತ್ತವೆ. ಸಲಿಕೆ ಹಾಕಿ ಬೇರು ಸಮೇತ ಕಿತ್ತು, ಹೊಲದ ಹೊರಗೆ ರಾಶಿ ಹಾಕಿ, ಒಣಗಿಸಿ ಸುಡಿ. ಕೀಳುವಾಗ ಹೊಲದ ಬೇರೆಬೇರೆ ಮೂಲೆಯಿಂದ ಹತ್ತು ಗಿಡ ಪಕ್ಕಕ್ಕೆ ಇಟ್ಟು ಬೇರು ತೊಳೆದು ಫೋಟೊ ತೆಗೆದುಕೊಳ್ಳಿ. ಅದರಲ್ಲಿ ಎರಡನ್ನು ಒದ್ದೆ ಮಣ್ಣಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗೆ ಇಡದೆ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಗಂಟು ಇದೆಯಾ ಅಂತ ಕೇಳಬೇಡಿ, ಅದು ನಿಮಗೇ ಕಾಣುತ್ತದೆ. ಹುಳು ಯಾವ ಜಾತಿ ಅಂತ ಕೇಳಿ.